ಅಳೆದವರದೇ ಗಾಜು

ನಮ್ಮವರು ಗಾಜು ಕೂರಿಸುವ ಕೆಲಸ ಮಾಡುತ್ತಿದ್ದರು. ಕಿಟಕಿ, ಬಾಗಿಲು, ಕಪಾಟು, ಕನ್ನಡಿ. ಜನ ಅವರನ್ನು ಗಾಜಿನವರು ಎಂದೇ ಕರೆಯುತ್ತಿದ್ದರು. ಅವರ ಹೆಂಡತಿ ಎಂದು ನನ್ನನ್ನು ಗಾಜಿನಮ್ಮ ಎನ್ನುತ್ತಾರೆ. ಅವರು ಹೋಗಿ ಹದಿನಾಲ್ಕು ತಿಂಗಳಾಯಿತು.

ಅವರು ದೊಡ್ಡ ಮನುಷ್ಯರೇನಲ್ಲ. ಯಾವ ಸಭೆಯಲ್ಲೂ ಅವರಿಗೆ ಯಾರೂ ಕುರ್ಚಿ ಹಾಕಲಿಲ್ಲ. ಆದರೆ ಇವತ್ತು ಕೂಲಿ, ನಾಳೆ ಖಾಲಿ ಎಂದು ಅಲೆಯುತ್ತಿದ್ದ ನಾಲ್ಕು ಜನ ಈಗ ತಮ್ಮ ಕಾಲ ಮೇಲೆ ನಿಂತಿದ್ದಾರೆ. ಅದು ಅವರ ಕೆಲಸ. ನಾಲ್ಕನೆಯವಳ ವಿಷಯದಲ್ಲಿ ನಾನು ಅಡ್ಡ ಬಂದೆ. ಅದನ್ನೂ ಬರೆಯುತ್ತೇನೆ.

ಗಾಜಿನ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಅಳೆದವರದೇ ಗಾಜು. ಕತ್ತರಿಸಿದ ಗಾಜು ಚೌಕಟ್ಟಿಗೆ ಕೂರದಿದ್ದರೆ, ಟೇಪು ಹಿಡಿದು ಅಳೆದವರು ಯಾರೋ ನಷ್ಟ ಅವರದು. ಕತ್ತರಿಸಿದವನದಲ್ಲ, ಹೊತ್ತವನದಲ್ಲ, ಕೂರಿಸಿದವನದಲ್ಲ. ಮರವಾದರೆ ಕೆತ್ತಿ ಸರಿ ಮಾಡಬಹುದು. ಬಟ್ಟೆಯಾದರೆ ಬಿಚ್ಚಿ ಹೊಲಿಯಬಹುದು. ಗಾಜು ತಪ್ಪಿತೆಂದರೆ ತಪ್ಪಿತು. ಹಾಗಾಗಿ ಅಂಗಡಿಯ ಯಜಮಾನರು ಟೇಪನ್ನು ಕೆಲಸದವರ ಕೈಗೆ ಕೊಡುವುದಿಲ್ಲ. ಕೆಲಸದವರೂ ಕೇಳುವುದಿಲ್ಲ. ಅಳತೆ ಇಲ್ಲದಿದ್ದರೆ ತಲೆನೋವೂ ಇಲ್ಲ. ಬೆಳಿಗ್ಗೆ ಬಂದು ಹೊತ್ತು, ಸಂಜೆ ಕೈ ತೊಳೆದುಕೊಂಡು ಹೋದರೆ ಆಯಿತು.

ನಮ್ಮವರು ಹಾಗೆ ಹನ್ನೊಂದು ವರ್ಷ ಹೊತ್ತರು. ಕತ್ತರಿಸುವುದನ್ನೂ ಕಲಿತರು. ಕತ್ತರಿಸುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಅಷ್ಟರಲ್ಲಿ ಅವರ ಯಜಮಾನ ತೀರಿಕೊಂಡ. ಅವನ ಮಕ್ಕಳು ಗಾಜು ತೆಗೆದು ಅಲ್ಲೇ ಬಟ್ಟೆ ವ್ಯಾಪಾರ ಹಾಕಿದರು. ಇವರಿಗೆ ಆಗ ಮೂವತ್ತನಾಲ್ಕು ವರ್ಷ. ಬಸ್ ನಿಲ್ದಾಣದ ಮೂಲೆಯಲ್ಲಿ ದಿನಗೂಲಿಗೆ ನಿಲ್ಲುವವರ ಜೊತೆ ನಿಂತರು. ಮೂಟೆ ಇಳಿಸುವುದು, ಗುಂಡಿ ತೋಡುವುದು, ಯಾರದೋ ಮನೆ ಸಾಮಾನು ಸಾಗಿಸುವುದು. ಗಾಡಿ ಬಂದು ನಿಂತಾಗ ಹುಡುಗರು ಮುಂದೆ ನುಗ್ಗುತ್ತಿದ್ದರು. ಇವರು ಹಿಂದೆ ಉಳಿಯುತ್ತಿದ್ದರು. ಎರಡು ವರ್ಷ ಹೀಗೇ.

ಒಂದು ದಿನ ಯಾರೋ ಹೆಂಗಸು ಬಚ್ಚಲ ಕಿಟಕಿಗೆ ಗಾಜು ಹಾಕಿಕೊಡಿ ಅಂದರಂತೆ. ಇವರು ದರ್ಜಿಯ ಹತ್ತಿರ ಬಟ್ಟೆಯ ಟೇಪು ಕೇಳಿಕೊಂಡು ಹೋದರು. ಆ ಟೇಪು ಎಳೆದರೆ ಎಳೆದಷ್ಟು ಹಿಗ್ಗುತ್ತಿತ್ತು. ಮೊದಲನೇ ಗಾಜು ದೊಡ್ಡದಾಯಿತು. ಎರಡನೆಯದು ಮೇಲೆ ಹಿಡಿಸಿತು, ಕೆಳಗೆ ಹಿಡಿಸಲಿಲ್ಲ. ಮೂರನೆಯದು ಒತ್ತಿ ಕೂರಿಸಲು ಹೋದಾಗ ಸೀಳಿತು. ನಾನು ಆ ಮನೆಯ ಮೆಟ್ಟಿಲ ಮೇಲೆ ಚೂರುಗಳನ್ನು ಗೋಣಿಗೆ ತುಂಬುತ್ತಾ ಕೂತಿದ್ದೆ. ಹನ್ನೊಂದು ವರ್ಷ ಗಾಜಿನಲ್ಲೇ ಇದ್ದವರಿಗೆ ಒಂದು ಬಚ್ಚಲ ಕಿಟಕಿ ಅಳೆಯಲು ಬರಲಿಲ್ಲ. ಯಾವ ಕಿಟಕಿಯೂ ಸರಿಯಾದ ಚೌಕ ಇರುವುದಿಲ್ಲ. ಅಗಲ ಮೂರು ಕಡೆ ಅಳೆಯಬೇಕು, ಎತ್ತರ ಮೂರು ಕಡೆ ಅಳೆಯಬೇಕು, ಅದರಲ್ಲಿ ಕಡಿಮೆ ಇರುವುದನ್ನು ಹಿಡಿಯಬೇಕು, ಅದರಿಂದ ಒಂದು ನೂಲು ಕಳೆಯಬೇಕು. ಒಂದು ಇಂಚಿಗೆ ಎಂಟು ನೂಲು. ಇಷ್ಟೇ. ಇಷ್ಟನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವರು ಒಂದೇ ಮಾತು ಆಡಿದರು. "ಯಜಮಾನ ನಂಗೆ ಎಲ್ಲ ಕಲಿಸಿದ ಕಣೇ. ಅವನಿಲ್ಲದೆ ಬದುಕೋದೊಂದು ಕಲಿಸಲಿಲ್ಲ."

ಆಮೇಲೆ ಒಡೆದು ಒಡೆದು ತಾವೇ ಅಳತೆ ಕಲಿತರು, ಹೇಗೋ ಅಂಗಡಿ ಆಯಿತು. ಅಂಗಡಿ ಅಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ರಸ್ತೆ ಕಡೆಗೆ ಒಂದು ಷಟರು. ಒಳಗೆ ದೊಡ್ಡ ಮೇಜು, ಅದರ ಮೇಲೆ ಹಳೆಯ ಕಂಬಳಿ, ಗೋಡೆಗೆ ಒರಗಿಸಿ ನಿಲ್ಲಿಸಿದ ಗಾಜಿನ ಹಾಳೆಗಳು. ಕತ್ತರಿಸುವ ಕೊರೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಎಳೆಯುತ್ತಿದ್ದರು. ಹೊಸ ಬಟ್ಟೆ ಹರಿದ ಹಾಗೆ ಸದ್ದು. ನಾನು ಅಡುಗೆಮನೆಯಲ್ಲಿ ಆ ಸದ್ದು ಕೇಳಿಯೇ ಗೀರು ಸರಿ ಬಿತ್ತೋ ಇಲ್ಲವೋ ಹೇಳುತ್ತಿದ್ದೆ. ಅದೊಂದೇ ನನಗೆ ಬರುತ್ತಿದ್ದ ವಿದ್ಯೆ.

ಕೆಲಸ ಹೆಚ್ಚಿದಾಗ ಅವರು ಬಸ್ ನಿಲ್ದಾಣದ ಮೂಲೆಗೆ ಹೋಗಿ ಒಬ್ಬ ಹುಡುಗನನ್ನು ಕರೆದುಕೊಂಡು ಬಂದರು. ಮುಂದೆ ನುಗ್ಗಿದವನನ್ನಲ್ಲ, ಹಿಂದೆ ನಿಂತವನನ್ನು. ತೆಂಗಿನ ಮರದ ಹಾಗೆ ಉದ್ದ ಇದ್ದ, ಕತ್ತು ಮುಂದೆ. ಒಂಟೆ ಎಂದು ಹೆಸರು ಬಿತ್ತು. ಅವನಿಗೆ ಕಸ ಗುಡಿಸು ಎನ್ನುವ ಮೊದಲೇ ಟೇಪು ಕೊಟ್ಟರು. ಬಾಗಿಲು ಅಳೆ ಅಂದರು. ಅವನು ಅಳೆದ. ಮಂಚ ಅಳೆ ಅಂದರು. ಒಂದು ವಾರದಲ್ಲಿ ನಮ್ಮ ಮನೆಯಲ್ಲಿ ಅಳೆಯದ ವಸ್ತು ಉಳಿಯಲಿಲ್ಲ. ನಾನು ಒಲೆ ಮುಂದೆ ನಿಂತಿದ್ದಾಗ ನನ್ನನ್ನೂ ಅಳೆದು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಎದುರಿನ ಟೀ ಅಂಗಡಿಯವನು ಗಾಜಿನವರ ಮನೇಲಿ ಇನ್ನು ಬೆಕ್ಕೊಂದು ಬಾಕಿ ಎಂದು ಆಡಿಕೊಂಡ. ಮಾರನೇ ದಿನ ಬೆಕ್ಕೂ ಆಯಿತು.

ಆಟ ಅಲ್ಲಿಗೆ ಮುಗಿಯಿತು. ಆಮೇಲೆ ಅವನನ್ನೇ ಗಿರಾಕಿಗಳ ಮನೆಗೆ ಒಬ್ಬನೇ ಕಳಿಸುತ್ತಿದ್ದರು. ಅವನು ಚೀಟಿಯಲ್ಲಿ ಏನು ಬರೆದು ತಂದರೂ ಇವರು ಅದನ್ನೇ ಕತ್ತರಿಸುತ್ತಿದ್ದರು. ನೋಡಿದ ಕೂಡಲೇ ತಪ್ಪು ಎಂದು ಗೊತ್ತಾದರೂ ಕತ್ತರಿಸುತ್ತಿದ್ದರು. ಒಂಟೆ ಅದನ್ನು ಹೊತ್ತು ನಾಲ್ಕು ಮಹಡಿ ಹತ್ತಿ, ಕೂರದೆ, ಮತ್ತೆ ಹೊತ್ತು ಇಳಿದು ಬರುತ್ತಿದ್ದ. ಮೊದಲ ಮೂರು ತಪ್ಪು ಅಂಗಡಿಯದು, ಆಮೇಲಿಂದ ಅಳೆದವರದೇ ಗಾಜು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ, ಇಲ್ಲಿ ಯಾರೋ ಮಾಡಿದ್ದನ್ನು ನಾವು ಉಣ್ಣುತ್ತಿದ್ದೇವೆ ಎಂದು ನಾನು ಕೂಗಾಡಿದೆ. ಬಾಯಲ್ಲಿ ಹೇಳಿದ ತಪ್ಪು ಕಿವಿಯಿಂದ ಆಚೆ ಹೋಗುತ್ತದೆ, ಹೊತ್ತ ತಪ್ಪು ಭುಜದಲ್ಲಿ ಉಳಿಯುತ್ತದೆ ಎಂದರು. ನಮ್ಮ ಪಾತ್ರೆ ಕಪಾಟಿನ ಏಳು ಗಾಜು, ದೀಪದ ಕೆಳಗಿನ ಗಾಜು, ಅಕ್ಕಪಕ್ಕದ ಮನೆಗಳ ಫೋಟೋ ಚೌಕಟ್ಟು, ಎಲ್ಲ ಒಂಟೆಯ, ಅವನ ನಂತರ ಬಂದ ಹುಡುಗರ ತಪ್ಪುಗಳೇ.

ಇದಾದರೂ ಹೋಗಲಿ. ನನಗೆ ಹೊಟ್ಟೆ ಉರಿಯುತ್ತಿದ್ದದ್ದು ಇನ್ನೊಂದಕ್ಕೆ. ಒಂದೂವರೆ ವರ್ಷ ಆದ ಮೇಲೆ ಒಂಟೆಯ ಕೈ ಪಳಗಿತು. ಈಗ ಇವನಿಂದ ನಮಗೆ ನಾಲ್ಕು ಕಾಸು ಎಂದು ನಾನು ಕಾಯುತ್ತಿದ್ದೆ. ಇವರು ಅವನನ್ನು ಕರೆದು, ನಾಳೆಯಿಂದ ಬರಬೇಡ ಎಂದರು. ಅವನ ಮುಖ ಬಿಳಿಚಿಕೊಂಡಿತು. ಆಮೇಲೆ ಹೇಳಿದರು, ಸೇತುವೆಯಿಂದ ಹಳೇ ಚಿತ್ರಮಂದಿರದವರೆಗೆ ನಾಲ್ಕು ಬೀದಿ ನಿನ್ನದು, ನಾನು ಆ ಕಡೆ ಕಾಲಿಡುವುದಿಲ್ಲ.

ಬೀದಿಯನ್ನೇ ಕೊಟ್ಟುಬಿಟ್ಟರು. ಹೆಣ್ಣುಮಕ್ಕಳನ್ನು ಮದುವೆ ಮಾಡಿಕೊಡುವವರೂ ಇಷ್ಟು ಕೊಡುವುದಿಲ್ಲ ಎಂದೆ. ಬೀದಿ ಕೊಡದೆ ಬರೀ ಟೇಪು ಕೊಟ್ಟರೆ ಹಸಿದವನಿಗೆ ಖಾಲಿ ತಟ್ಟೆ ಕೊಟ್ಟ ಹಾಗೆ ಎಂದರು. ಕೊಟ್ಟ ಮೇಲೆ ಮಾತು ತಪ್ಪಲಿಲ್ಲ. ಆ ಕಡೆಯ ಗಿರಾಕಿ ಬಂದು ಕೈ ಮುಗಿದರೂ ಆ ಬೀದಿ ನನ್ನದಲ್ಲ ಎನ್ನುತ್ತಿದ್ದರು. ನನ್ನ ಸ್ವಂತ ಅಕ್ಕನ ಮನೆ ಆ ಬೀದಿಯಲ್ಲಿತ್ತು. ಅವಳ ಮನೆ ಕಿಟಕಿ ಒಡೆದಾಗಲೂ ಇವರು ಹೋಗಲಿಲ್ಲ, ಒಂಟೆಯನ್ನು ಕಳಿಸಿದರು. ಅಕ್ಕ ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟಳು.

ಎರಡನೆಯವನು ಬಾಯಿ ಬಿಟ್ಟು ಮಾತಾಡದವನು. ಅವನಿಗೆ ಮಾರುಕಟ್ಟೆಯ ಕಡೆ ಹೋಯಿತು. ಮೂರನೆಯವನು ಒಂಟೆಯ ಭಾವಮೈದುನ. ಅವನಿಗೆ ಆಸ್ಪತ್ರೆಯ ಹಿಂದಿನ ಬೀದಿಗಳು. ನಡುವೆ ಇಬ್ಬರು ಕೊರೆ ಎತ್ತಿಕೊಂಡು ಓಡಿಹೋದರು. ಅದೂ ಇದೆ. ಇಪ್ಪತ್ತಾರು ವರ್ಷದ ಹಿಂದೆ ಅರ್ಧ ಪೇಟೆ ನಮ್ಮದಾಗಿತ್ತು. ಕೊನೆಗೆ ಉಳಿದದ್ದು ಐದು ಬೀದಿ. ನಾನು ಏರಿಗೆ ಎಳೆದರೆ ಅವರು ನೀರಿಗೆ ಎಳೆಯುತ್ತಿದ್ದರು. ಬದುಕು ಹಾಗೇ ನಡೆಯಿತು. ನಮಗೆ ಮಕ್ಕಳಿಲ್ಲ.

ಕಡ್ಡಿ ಬಂದದ್ದು ಕೊನೆಯಲ್ಲಿ. ಇಪ್ಪತ್ತು ವರ್ಷದ ಹುಡುಗಿ. ಮೈಯಲ್ಲಿ ಮಾಂಸವೇ ಇಲ್ಲ, ಅದಕ್ಕೆ ಆ ಹೆಸರು. ಒಡೆದ ಫೋನು ಹಿಡಿದು ಅಂಗಡಿಗೆ ಬಂದಳು. ಗಾಜಿನ ಅಂಗಡಿ ಅಲ್ಲವಾ, ಇದಕ್ಕೂ ಗಾಜು ಹಾಕಿಕೊಡಿ ಅಂದಳು. ನಮ್ಮವರು ಇದು ನನ್ನ ಕೆಲಸ ಅಲ್ಲಮ್ಮ ಎಂದರು. ಅವಳು ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟಳು. ಫೋನಿಲ್ಲದಿದ್ದರೆ ನಾಳೆ ಕೆಲಸ ಇಲ್ಲ ಎಂದಳು. ಏನು ಕೆಲಸ ಎಂದು ಕೇಳಿದರು.

"ಅವರು ಕರೆದದ್ದು," ಅಂದಳು.

ಆಡು ಮುಟ್ಟದ ಸೊಪ್ಪಿಲ್ಲ, ಅವಳು ಮಾಡದ ಕೆಲಸವಿಲ್ಲ. ಪೆಟ್ಟಿಗೆ ಕಟ್ಟುವುದು, ಸಭಾಂಗಣದ ಕುರ್ಚಿ ಒರೆಸುವುದು, ಅಂಗಡಿಯ ದಾಸ್ತಾನು ಎಣಿಸುವುದು, ಸಿಗ್ನಲ್ ಹತ್ತಿರ ಚೀಟಿ ಹಂಚುವುದು. ಬೆಳಿಗ್ಗೆ ಫೋನಿಗೆ ಸುದ್ದಿ ಬಂದರೆ ಹೋಗಬೇಕು. ಬರದಿದ್ದರೆ ಇಲ್ಲ. ಕೆಲಸ ಕೊಟ್ಟವರ ಮುಖವನ್ನೇ ಅವಳು ನೋಡಿರಲಿಲ್ಲ. ಒಂದು ಕಡೆ ಒಂದು ಪೆಟ್ಟಿಗೆ ಕೈಜಾರಿತಂತೆ. ಯಾರೂ ಬೈಯಲಿಲ್ಲ. ಆದರೆ ಅಲ್ಲಿಂದ ಮತ್ತೆ ಯಾವತ್ತೂ ಸುದ್ದಿ ಬರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದಳು. ನಮ್ಮವರು ಎದ್ದು ಟೇಪು ತಂದು ಅವಳ ಕೈಗೆ ಕೊಟ್ಟರು. ಹೆಣ್ಣು ಹುಡುಗಿ ಗಾಜು ಹೊರುತ್ತಾಳಾ ಎಂದು ಟೀ ಅಂಗಡಿಯವನು ನಕ್ಕ. ನಿನ್ನ ಅಮ್ಮ ನಿನ್ನನ್ನು ಹೊರಲಿಲ್ವಾ, ಗಾಜು ಅಷ್ಟು ಒದೆಯಲ್ಲ ಎಂದು ನಾನೇ ಅಂದೆ.

ಅವಳು ಮೂವರು ಹುಡುಗರಿಗಿಂತ ಬೇಗ ಕಲಿತಳು. ಕಣ್ಣು ಚುರುಕು. ಆದರೆ ಅವಳಿಗೊಂದು ತಪ್ಪು ಅಂಟಿಕೊಂಡಿತ್ತು. ಉಳಿದವರ ಗಾಜು ದೊಡ್ಡದಾಗುತ್ತಿತ್ತು. ಇವಳದು ಯಾವಾಗಲೂ ಚಿಕ್ಕದು. ಒಂದು ನೂಲು ಕಳೆಯುವ ಕಡೆ ಎರಡು, ಮೂರು ಕಳೆಯುತ್ತಿದ್ದಳು. ದೊಡ್ಡ ಗಾಜು ಕೂರುವುದಿಲ್ಲ, ಅಲ್ಲೇ ಎಲ್ಲರ ಮುಂದೆ ಮಾನ ಹೋಗುತ್ತದೆ. ಚಿಕ್ಕ ಗಾಜು ಕೂರುತ್ತದೆ. ಸುತ್ತಲ ಸಂದಿಗೆ ಪುಟ್ಟಿಯ ಅಂಟು ಮೆತ್ತಿದರೆ ಯಾರಿಗೂ ಕಾಣುವುದಿಲ್ಲ. ಆಮೇಲೆ ಗಾಳಿಗೆ ಗಡಗಡ ಎನ್ನುತ್ತದೆ, ಒಂದು ದಿನ ಬೀಳುತ್ತದೆ. ಅಷ್ಟರಲ್ಲಿ ಕೂರಿಸಿದವರು ಅಲ್ಲಿರುವುದಿಲ್ಲ.

ಊಟಕ್ಕೆ ಕೂತಾಗ ನಮ್ಮವರು ಹೇಳಿದರು. "ಅವಳಿಗೆ ಅಳತೆ ಬರುತ್ತೆ. ಹೆದರಿಕೆ ಒಂದೆರಡು ನೂಲು ತಿಂದುಬಿಡುತ್ತೆ."

ಚೀಟಿ ಬರೆದು ತಂದು ಅವಳು ಅವರ ಮುಂದೆ ನಿಲ್ಲುತ್ತಿದ್ದಳು. ಸರೀನಾ ಮಾವ ಎನ್ನುತ್ತಿದ್ದಳು. ಅವರು ಹೂಂ ಎನ್ನುತ್ತಿರಲಿಲ್ಲ. ಕನ್ನಡಕ ಒರೆಸುತ್ತಾ ಮುಖ ತಿರುಗಿಸುತ್ತಿದ್ದರು. ಅದು ಅವರಿಗೆ ಕಷ್ಟದ ಕೆಲಸ. ಅವಳು ಅಲ್ಲಿಂದ ಹೋದ ಮೇಲೆ ಉಸಿರು ಬಿಡುತ್ತಿದ್ದರು. ಒಂದೂವರೆ ವರ್ಷಕ್ಕೆ ಮೂರು ನೂಲು ಎರಡಾಯಿತು, ಎರಡು ಹೆಚ್ಚುಕಡಿಮೆ ಒಂದಾಯಿತು. ಒಂದು ದಿನ ನನಗೆ ಹೇಳಿದರು, ಕಡ್ಡಿಗೆ ಶಾಲೆ ಬೀದಿ, ಅದರ ಹಿಂದಿನ ಬೀದಿ, ಎರಡು ಕೊಡೋಣ, ಇನ್ನೆರಡು ತಿಂಗಳು ಹೋಗಲಿ. ಐದರಲ್ಲಿ ಎರಡು ಹೋದರೆ ಮೂರು ಎಂದು ಎಣಿಸಿಕೊಂಡೆ.

ಆಮೇಲೆ ಮೂರು ವಾರಕ್ಕೆ, ಒಂದು ಮಂಗಳವಾರ ಮಧ್ಯಾಹ್ನ, ಊಟಕ್ಕೆ ಬನ್ನಿ ಎಂದು ಕರೆದೆ. ಕೈ ತೊಳೆದು ಬರುತ್ತೇನೆ ಎಂದರು. ನೀರು ಬಿಟ್ಟ ಸದ್ದು ಕೇಳಿತು. ನಿಂತ ಸದ್ದು ಕೇಳಲಿಲ್ಲ. ಹೋಗಿ ನೋಡಿದೆ. ಆಗಿಹೋಗಿತ್ತು.

ಅದರ ಬಗ್ಗೆ ಇನ್ನೇನೂ ಬರೆಯಲು ನನ್ನ ಕೈಲಾಗುವುದಿಲ್ಲ.

ಒಂಟೆ ಬಂದ. ಉಳಿದಿಬ್ಬರೂ ಬಂದರು. ಎಲ್ಲ ಅವರೇ ಮಾಡಿದರು. ಹದಿನೈದು ದಿನ ಆದ ಮೇಲೆ ಅವರವರ ಬೀದಿಗೆ ಹೋದರು. ಕಡ್ಡಿ ಉಳಿದಳು. ಬೆಳಿಗ್ಗೆ ಎಂಟಕ್ಕೆ ಬಂದು ಷಟರು ಎತ್ತುತ್ತಿದ್ದಳು. ಮಧ್ಯಾಹ್ನ ನನ್ನ ಎದುರಿಗೆ ಕೂತು ಊಟ ಮಾಡುತ್ತಿದ್ದಳು. ಅವಳು ಕೂರದಿದ್ದರೆ ನಾನು ತಟ್ಟೆಯನ್ನೇ ಹಾಕಿಕೊಳ್ಳುತ್ತಿರಲಿಲ್ಲ. ಆ ಮನೆಯಲ್ಲಿ ಮತ್ತೊಂದು ಉಸಿರು ಇರಬೇಕಿತ್ತು ನನಗೆ. ಜೊತೆಗೆ ಹೊಟ್ಟೆಪಾಡು. ಇವಳೂ ಹೋದರೆ ಮೇಜು ಮುಚ್ಚಿಟ್ಟು ಕೂರಬೇಕು. ನನಗೆ ಕತ್ತರಿಸಲು ಬರುವುದಿಲ್ಲ.

ಒಂಟೆ ಒಂದು ದಿನ ಗಾಜಿನ ಹಾಳೆ ಇಳಿಸಲು ಬಂದವನು ಕೇಳಿದ. "ಅತ್ತೆ, ಕಡ್ಡಿಗೆ ಯಾವ ಬೀದಿ ಅಂತ ಮಾವ ಹೇಳಿದ್ರಾ?"

"ಏನೂ ಹೇಳಿ ಹೋಗಲಿಲ್ಲ," ಅಂದೆ.

ಕಡ್ಡಿ ಅಲ್ಲೇ ಕಂಬಳಿ ಕೊಡವುತ್ತಿದ್ದಳು. ಕೇಳಿಸಿಕೊಂಡಳು. ತಲೆ ತಗ್ಗಿಸಿ ಮತ್ತೆ ಕೊಡವಿದಳು.

ಆ ಸಂಜೆ ಟೇಪು ನಾನು ತೆಗೆದುಕೊಂಡೆ. ಇನ್ನು ಮೇಲೆ ಅಳತೆ ನಾನು ನೋಡಿಕೊಳ್ಳುತ್ತೇನೆ, ನೀನು ಕತ್ತರಿಸು, ಕೂರಿಸು, ಒಂದು ದಿನವೂ ತಪ್ಪದೆ ಕೂಲಿ ಕೊಡುತ್ತೇನೆ ಎಂದೆ. ನನಗೆ ಅಳೆಯುವುದೇನು ಮಹಾ, ಇಪ್ಪತ್ತಾರು ವರ್ಷ ಕಣ್ಣಲ್ಲಿ ನೋಡಿದ್ದೇನೆ ಎಂದುಕೊಂಡೆ. ಅವಳು ಜಗಳ ಆಡಬಹುದು ಎಂದು ಎಣಿಸಿದ್ದೆ. ಅವಳು ಆಯ್ತು ಅತ್ತೆ ಎಂದಳು. ಅವಳ ಭುಜ ಇಳಿದದ್ದು ನೋಡಿದೆ. ಭಾರ ಇಳಿಸಿದವರ ಭುಜ ಅದು. ನನಗೆ ಆಗ ಸಂತೋಷವಾಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ತಿಂಗಳು ಚಿಲ್ಲರೆ ಕೆಲಸ ಬಂತು. ಒಂದು ಕಿಟಕಿ, ಒಂದು ಕನ್ನಡಿ. ಎರಡು ತಪ್ಪಾದವು, ನಾಲ್ಕು ಸರಿಯಾದವು. ಹೇಗೋ ದೂಡಿದೆ. ಆಗ ಶಾಲೆಯಿಂದ ಕರೆ ಬಂತು. ಹಳೆಯ ಕಟ್ಟಡದ ಆರು ಕೋಣೆಗಳಿಗೆ ಹೊಸ ಗಾಜು. ಕೋಣೆಗೆ ಎಂಟರಂತೆ ನಲವತ್ತೆಂಟು. ಅಷ್ಟು ದೊಡ್ಡ ಕೆಲಸ ನಮ್ಮವರಿಗೇ ಬಂದಿರಲಿಲ್ಲ.

ನಾನು ಟೇಪು ಹಿಡಿದು ಹೋದೆ. ಕಡ್ಡಿ ಏಣಿ ಹಿಡಿದಳು. ಕಿಟಕಿಗಳೆಲ್ಲ ಒಬ್ಬನೇ ಬಡಗಿ ಮಾಡಿದ್ದು, ಅವಳಿಜವಳಿ ಮಕ್ಕಳ ಹಾಗೆ ಒಂದೇ ತರ ಕಂಡವು. ಮೊದಲನೇ ಕೋಣೆಯ ಮೊದಲನೇ ಕಿಟಕಿಯನ್ನು ಚೆನ್ನಾಗಿ ಅಳೆದೆ. ಮೂರು ಕಡೆ ಅಗಲ, ಮೂರು ಕಡೆ ಎತ್ತರ, ಒಂದು ನೂಲು ಕಡಿಮೆ. ಕೆಳಗೆ ಬರೆದೆ, ಇಂಥವು ನಲವತ್ತೆಂಟು. ಕಡ್ಡಿಯ ಬಾಯಿ ಒಮ್ಮೆ ತೆರೆದು ಮುಚ್ಚಿತು. ಏನೇ ಎಂದೆ. ಏನಿಲ್ಲ ಅತ್ತೆ ಎಂದಳು.

ಮೊದಲು ಎರಡು ಕೋಣೆಯ ಹದಿನಾರು ಗಾಜು ಕತ್ತರಿಸಿದಳು. ತಳ್ಳುಗಾಡಿಯಲ್ಲಿ ನಿಲ್ಲಿಸಿ ತಂದೆವು. ಮೊದಲನೆಯದು ಬೆಣ್ಣೆಯ ಹಾಗೆ ಕೂತಿತು. ಎರಡನೆಯದು ಕೂರಲಿಲ್ಲ. ಮೂರನೆಯದು ಕೂರಲಿಲ್ಲ. ನಾಲ್ಕನೆಯದು ಒಳಗೆ ಹೋಗಿ ಆ ಕಡೆಯಿಂದ ಬೀಳುವುದರಲ್ಲಿತ್ತು. ಹಳೆಯ ಮರ. ಒಂದು ಉಬ್ಬಿತ್ತು, ಒಂದು ಒಣಗಿ ಸೊಟ್ಟಗಾಗಿತ್ತು. ಮಕ್ಕಳು ಬಾಗಿಲಲ್ಲಿ ಗುಂಪು ಕೂಡಿದರು. ಪ್ರತಿ ಗಾಜಿಗೂ ಒಬ್ಬ ಒಳಗೆ ಓಡಿ "ಇದೂ ಹಿಡಿಸ್ಲಿಲ್ಲ ಮಿಸ್" ಎಂದು ವರದಿ ಕೊಡುತ್ತಿದ್ದ. ಹದಿನಾರರಲ್ಲಿ ಐದು ಕೂತವು. ಮುಖ್ಯೋಪಾಧ್ಯಾಯಿನಿ ಕೈಕಟ್ಟಿ ನಿಂತು ನೋಡಿದರು. ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಹನ್ನೊಂದು ಗಾಜು ಮತ್ತೆ ಗಾಡಿಗೆ ಏರಿಸಿ ಮನೆಗೆ ತಂದೆವು. ಷಟರು ಎಳೆದು ನಾನು ಅವಳ ಮೇಲೆ ಹರಿಹಾಯ್ದೆ. ನಿನಗೆ ಗೊತ್ತಿರಲಿಲ್ಲವಾ ಎಂದೆ. ಏಣಿ ಹಿಡಿದು ನಿಂತಾಗಲೇ ಗೊತ್ತಿತ್ತು ಎಂದಳು. ಒಂದು ಮಾತು ಹೇಳಲು ನಿನ್ನ ಬಾಯಿಗೆ ಏನಾಗಿತ್ತು ಎಂದೆ. ಅವಳು ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು.

"ನೀವು ಅಳೆದಿದ್ದು ಅತ್ತೆ. ನಾನು ಹೇಳಿ, ನಿಮಗೆ ಸಿಟ್ಟು ಬಂದು, ನಾಳೆಯಿಂದ ಬರಬೇಡ ಅಂದುಬಿಟ್ರೆ? ನಾನೆಲ್ಲಿಗೆ ಹೋಗ್ಲಿ?"

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಒಂದೂವರೆ ವರ್ಷ ಅವರು ಮುಖ ತಿರುಗಿಸಿ ತಿರುಗಿಸಿ ಅವಳೊಳಗಿಂದ ತೆಗೆದದ್ದನ್ನು ನಾನು ಎರಡು ತಿಂಗಳಲ್ಲಿ ವಾಪಸು ತುಂಬಿದ್ದೆ. ನನಗೆ ಅಳು ಬರಲಿಲ್ಲ. ಅವರು ತೀರಿಕೊಂಡ ದಿನವೂ ಬಂದಿರಲಿಲ್ಲ. ನನಗೆ ಅಳು ಬೇಗ ಬರುವುದಿಲ್ಲ.

ಹೇಳಿದೆ. "ಶಾಲೆ ಬೀದಿ ನಿಂದು. ಅದರ ಹಿಂದಿನದೂ ನಿಂದು. ಅವರು ಹೇಳಿದ್ರು. ನಾನು ಮುಚ್ಚಿಟ್ಟೆ."

ಅವಳು ತಲೆ ಎತ್ತಿದಳು. ಯಾವಾಗ ಹೇಳಿದರು ಎಂದಳು. ಹೋಗುವುದಕ್ಕೆ ಮೂರು ವಾರ ಮುಂಚೆ ಎಂದೆ. ಏನೆಂದು ಹೇಳಿದರು, ಅವರ ಮಾತಲ್ಲೇ ಹೇಳಿ ಎಂದಳು. ಹೇಳಿದೆ. ಎರಡು ತಿಂಗಳು ಹೋಗಲಿ ಎಂದರಾ, ಎರಡೇನಾ ಎಂದಳು. ಹೌದು ಎಂದೆ. ಮತ್ತೊಮ್ಮೆ ಹೇಳಿಸಿದಳು. ಆಮೇಲೆ ನನಗೆ ಬೈದಳು. ಅವಳು ಬಾಯಿ ಮಾಡಿದ್ದು ನಾನು ಕೇಳಿದ್ದು ಅವತ್ತೇ ಮೊದಲು. ಇಷ್ಟು ದಿನ ಮಾವನಿಗೆ ನನ್ನ ಮೇಲೆ ನಂಬಿಕೆ ಇಲ್ಲದೆ ಏನೂ ಹೇಳದೆ ಹೋದರು ಎಂದುಕೊಂಡು ನಾನು ಹೇಗೆ ಮಲಗಿದೆ ಗೊತ್ತಾ ನಿಮಗೆ ಎಂದಳು. ಬೈಸಿಕೊಂಡೆ. ಬೈಸಿಕೊಳ್ಳಬೇಕಾದದ್ದೇ.

ಬೈದು ಮುಗಿದ ಮೇಲೆ ಮತ್ತೆ ಹೆದರಿಕೆ ಬಂತು ಅವಳಿಗೆ. ಚಿಲ್ಲರೆ ಕೆಲಸ ಕೊಡಿ ಅತ್ತೆ, ಶಾಲೆ ಮಾತ್ರ ಬೇಡ, ನಲವತ್ತೆಂಟು ನನ್ನ ಕೈಲಾಗಲ್ಲ ಎಂದಳು. ನನ್ನ ಕೈಲಿ ಐದಾಯ್ತು, ನಿನ್ನ ಕೈಲಿ ಎಷ್ಟಾಗುತ್ತೋ ನೋಡೋಣ ಎಂದೆ. ಆ ಹನ್ನೊಂದು ಗಾಜಿನ ನಷ್ಟ ನನ್ನದು. ಅಳೆದದ್ದು ನಾನು.

ಮಾರನೇ ಬೆಳಿಗ್ಗೆ ಇಬ್ಬರೂ ಹೋದೆವು. ಮುಖ್ಯೋಪಾಧ್ಯಾಯಿನಿ ನನ್ನನ್ನು ನೋಡಿ, ಗಾಜಿನಮ್ಮ, ಈ ಸಲ ನೀವೇ ನಿಂತು ಜವಾಬ್ದಾರಿ ತಗೊಳ್ಳಿ ಎಂದರು. ನಾನು ಜವಾಬ್ದಾರಿ ತಗೊಂಡಿದ್ದಕ್ಕೇ ಹನ್ನೊಂದು ಹೋದವು, ಕೆಲಸ ಇವಳದು, ಬೇಡ ಅಂದರೆ ಇಬ್ಬರೂ ಹೋಗುತ್ತೇವೆ ಎಂದೆ. ಅವರು ಕಡ್ಡಿಯನ್ನು ಮೇಲಿಂದ ಕೆಳಗೆ ನೋಡಿದರು. ನೋಡಲು ಹೆಚ್ಚು ಹೊತ್ತು ಹಿಡಿಯುವ ಮೈಯಲ್ಲ ಅದು.

"ತಪ್ಪಾದ್ರೆ?" ಎಂದು ಅವಳನ್ನೇ ಕೇಳಿದರು.

ಕಡ್ಡಿ ನನ್ನ ಕಡೆ ನೋಡಿದಳು. ನಾನು ಹೊರಗೆ ಮೈದಾನ ನೋಡಿದೆ.

"ಗಾಜು ನಂದು ಮೇಡಂ," ಅಂದಳು. ಸ್ವರ ಹೊರಟಿತೋ ಇಲ್ಲವೋ ಎನ್ನುವ ಹಾಗಿತ್ತು. ಆದರೆ ಅಂದಳು.

ಅವಳು ಅಳೆಯುವಾಗ ನಾನು ಕೆಳಗೆ ಮಕ್ಕಳ ಬೆಂಚಿನ ಮೇಲೆ ಕೂತೆ. ಮಧ್ಯಾಹ್ನದವರೆಗೆ ಅಳೆದಳು. ಪ್ರತಿ ಚೌಕಟ್ಟಿನ ಮೇಲೂ ಅಂಕಿ ಹಾಕಿ, ಚೀಟಿಯಲ್ಲೂ ಅದೇ ಅಂಕಿ ಹಾಕಿ ಬರೆದುಕೊಂಡಳು. ನಲವತ್ತಮೂರು ಸಾಲು. ತಂದು ನನ್ನ ಮುಂದೆ ಹಿಡಿದು ಸರೀನಾ ಅತ್ತೆ ಎಂದಳು. ಚೀಟಿ ತೆಗೆದುಕೊಂಡು ನೋಡಿದೆ. ಇರುವೆ ಸಾಲಿನ ಹಾಗೆ ಅಂಕಿಗಳು. ನಂಗೇನು ಗೊತ್ತೇ, ನಾನು ಓದಿದ್ದು ಮೂರನೇ ಕ್ಲಾಸು ಎಂದೆ. ಅವಳು ನಕ್ಕುಬಿಟ್ಟಳು. ನಮ್ಮವರು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಮುಖ ತಿರುಗಿಸಬೇಕಿತ್ತು. ನನಗೆ ಆ ಕಷ್ಟ ಇರಲಿಲ್ಲ. ಅವಳು ಚೀಟಿ ಕಿತ್ತುಕೊಂಡು ತಾನೇ ಮೇಲೆ ಹೋಗಿ ಆರು ಕಿಟಕಿ ಮತ್ತೆ ಅಳೆದು ಬಂದಳು.

ಒಂಬತ್ತು ದಿನ ಕತ್ತರಿಸಿದಳು, ಕೂರಿಸಿದಳು. ನಾನು ಗಾಡಿ ಹಿಡಿದೆ. ನಲವತ್ತಮೂರೂ ಕೂತವು. ಮಕ್ಕಳಿಗೆ ವರದಿ ಕೊಡಲು ಏನೂ ಸಿಗದೆ ಬೇಸರವಾಗಿ ಹೊರಟುಹೋದರು. ಮುಖ್ಯೋಪಾಧ್ಯಾಯಿನಿ ಕೋಣೆ ಕೋಣೆಗೂ ಹೋಗಿ ಬೆರಳಲ್ಲಿ ತಟ್ಟಿ ನೋಡಿ, ಚೆನ್ನಾ‌ಗಿದೆ ಎಂದರು. ನಾನು ಸಾಮಾನು ಕಟ್ಟಿದೆ. ಕಡ್ಡಿ ಕಟ್ಟಲಿಲ್ಲ. ಮಹಡಿಯ ಕೊನೆಯ ಕೋಣೆಯಲ್ಲಿ ನಿಂತೇ ಇದ್ದಳು.

ಏನೇ ಎಂದೆ. ಈ ಎರಡು ಚಿಕ್ಕವು ಎಂದಳು. ನನಗೇನೂ ಕಾಣಲಿಲ್ಲ. ಪುಟ್ಟಿ ಸಾಲು ನೇರವಾಗಿತ್ತು, ಬಣ್ಣ ಒಂದೇ ಇತ್ತು. ಮೇಡಂ ಒಪ್ಪಿಯಾಯಿತಲ್ಲ ಎಂದೆ. ಮೇಡಂಗೆ ಗೊತ್ತಾಗಲ್ಲ, ಗಾಳಿಗೆ ಗೊತ್ತಾಗುತ್ತೆ, ಕೆಳಗೆ ಸಣ್ಣ ಮಕ್ಕಳು ಕೂರುತ್ತಾರೆ ಎಂದಳು. ಏಣಿ ಹತ್ತಿದಳು. ಪುಟ್ಟಿ ಇನ್ನೂ ಹಸಿ ಇತ್ತು. ಉಳಿಯಿಂದ ಕೆರೆದು ಎರಡೂ ಗಾಜು ತಾನೇ ಬಿಚ್ಚಿದಳು. ಮುಖ್ಯೋಪಾಧ್ಯಾಯಿನಿ ಸದ್ದು ಕೇಳಿ ಬಂದರು. ಏನಾಯಿತು ಎಂದರು.

"ನನ್ನ ಅಳತೆ ತಪ್ಪಿದೆ ಮೇಡಂ. ನಾಳೆ ಬೇರೆ ತರ್ತೀನಿ," ಅಂದಳು. ಏಣಿಯ ಮೇಲಿಂದಲೇ ಅಂದಳು. ಈ ಸಲ ನನ್ನ ಕಡೆ ನೋಡಲಿಲ್ಲ.

ಅವರು ಏನಾದರೂ ಅನ್ನುತ್ತಾರೆ ಎಂದು ನಾನು ಕಾದೆ. ಅವರು ಗಾಜಿಲ್ಲದ ಚೌಕಟ್ಟು ನೋಡಿದರು, ಅವಳನ್ನು ನೋಡಿದರು. ನಮ್ಮ ಮನೆಯ ಅಡುಗೆಮನೆ ಕಿಟಕಿಯೂ ಒಡೆದಿದೆ, ಇದು ಮುಗಿದ ಮೇಲೆ ಬಂದು ನೋಡಮ್ಮ ಎಂದು ಹೇಳಿ ಹೋದರು.

ಒಂಟೆ ಬಂದಾಗ ನಡೆದದ್ದೆಲ್ಲ ಹೇಳಿದೆ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಊಟಕ್ಕೆ ಏನು ಮಾಡ್ತೀರಿ ಅತ್ತೆ ಎಂದು ಕೇಳಿದ. ಆಮೇಲೆ ಅವನೇ ದಾರಿ ಹೇಳಿದ. ದೊಡ್ಡ ಹಾಳೆಗಳನ್ನು ತರಲು ಮೂವರು ಹುಡುಗರೂ ಊರಾಚೆಯ ಗೋದಾಮಿಗೆ ಹೋಗುತ್ತಿದ್ದರು. ಈಗ ನಾನು ತರಿಸಿ ಇಡುತ್ತೇನೆ. ಕಡ್ಡಿಯೂ ಸೇರಿ ನಾಲ್ವರೂ ನನ್ನ ಹತ್ತಿರ ಕೊಳ್ಳುತ್ತಾರೆ. ಉಳಿದ ಮೂರು ಬೀದಿಗೆ ಒಂಟೆಯ ಭಾವಮೈದುನ ವಾರಕ್ಕೆರಡು ದಿನ ಬರುತ್ತಾನೆ. ಅವನು ಅಳೆಯುತ್ತಾನೆ. ನಾನು ಅಳೆಯುವುದಿಲ್ಲ.

ಶಾಲೆಯ ಎರಡು ಗಾಜು ಸರಿಯಾಗಿ ಕೂತ ಮೇಲೆ, ಒಂದು ಗುರುವಾರ, ಎಂಟು ಗಂಟೆಯಾದರೂ ಷಟರಿನ ಸದ್ದಾಗಲಿಲ್ಲ. ನಾನೇ ಎತ್ತಿದೆ. ಒಂಬತ್ತಾಯಿತು. ಹತ್ತಾಯಿತು. ಜ್ವರ ಬಂತೇನೋ, ಎಲ್ಲಿ ಬಿದ್ದಳೋ ಎಂದು ಜೀವ ಹಾರಿತು. ಸೆರಗು ಹೊದ್ದು ಹುಡುಕಿಕೊಂಡು ಹೊರಟೆ. ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಮನೆಯ ಜಗಲಿಯ ಮೇಲೆ ಇದ್ದಳು. ಮನೆಯವರು ಪಕ್ಕದಲ್ಲಿ ನಿಂತಿದ್ದರು. ಅವಳು ಕಿಟಕಿ ಅಳೆಯುತ್ತಿದ್ದಳು. ಬಾಯಲ್ಲಿ ಪೆನ್ಸಿಲು. ನಾನು ಗೇಟಿನ ಹತ್ತಿರ ನಿಂತದ್ದು ನೋಡಿ, ಪೆನ್ಸಿಲು ತೆಗೆದು, ಇವತ್ತು ಬರಕ್ಕಾಗಲ್ಲ ಅತ್ತೆ, ಇನ್ನೂ ಎರಡು ಮನೆ ಇದೆ, ನೀವು ಊಟ ಮಾಡಿ ಎಂದಳು. ಮತ್ತೆ ಕಿಟಕಿ ಕಡೆ ತಿರುಗಿದಳು.

ಮನೆಗೆ ಬಂದೆ. ಒಬ್ಬಳೇ ತಟ್ಟೆ ಹಾಕಿಕೊಂಡು ಊಟ ಮಾಡಿದೆ.